ಕಂಪ್ಯೂಟರಿಗೆ ಪುಟ್ಟ 5.1 ಸ್ಪೀಕರ್ ಸೆಟ್ ಆರಿಸುವುದು ಹೇಗೆ: ಡಬ್ಬಿ ನೋಡುವ ಮೊದಲು ಕಂಪ್ಯೂಟರಿನ ಬೆನ್ನು ನೋಡಿ

5.1 ಸೆಟ್ ಮನೆಗೆ ತಂದವರು ಹೇಳುವ ದೂರು ಹೆಚ್ಚುಕಡಿಮೆ ಎರಡೇ. ಒಂದು, ‘ಹಿಂದಿನ ಸ್ಪೀಕರಿನಲ್ಲಿ ಏನೂ ಬರ್ತಿಲ್ಲ.’ ಇನ್ನೊಂದು, ‘ಐದರಲ್ಲೂ ಒಂದೇ ಬರ್ತಿದೆ.’ ಹತ್ತರಲ್ಲಿ ಎಂಟು ಸಲ ಸ್ಪೀಕರ್ ಕೆಟ್ಟಿರುವುದಿಲ್ಲ. ಆರಿಸಿದ ಕ್ರಮ ತಪ್ಪಿರುತ್ತದೆ.

5.1 ಅಂದರೆ ಆರು ಬೇರೆ ಬೇರೆ ದನಿಗಳು, ಅಂದರೆ ಆರು ಚಾನಲ್: ಮುಂದೆ ಎಡ, ಮುಂದೆ ಬಲ, ನಡುವೆ ಒಂದು, ಹಿಂದೆ ಎರಡು, ಢಂ ಢಂ ಎನ್ನುವ ಕೆಳದನಿ ಹೊರಡಿಸುವ ಸಬ್‌ವೂಫರಿಗೆ (ಮುಂದೆ ಬರೀ ‘ಸಬ್’) ಒಂದು. ಈ ಆರೂ ಫೈಲಿನಿಂದ ಹೊರಟು ಪ್ಲೇಯರ್, ವಿಂಡೋಸ್, ಜ್ಯಾಕ್, ವೈರ್ ದಾಟಿ ಬಾಕ್ಸಿನವರೆಗೆ ಬೇರೆಬೇರೆಯಾಗೇ ಬರಬೇಕು. ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಆರು ಹೋಗಿ ಎರಡಾದರೆ, ಮುಂದೆ ಎಷ್ಟು ದೊಡ್ಡ ಸ್ಪೀಕರ್ ಇಟ್ಟರೂ ಅದು ಎರಡೇ. ಹಾಗಾಗಿ ಆರಿಸುವಾಗ ಮೊದಲು ದಾರಿ ನೋಡಬೇಕು, ಸ್ಪೀಕರ್ ಕೊನೆಗೆ. ಎಲ್ಲರೂ ಮಾಡುವುದು ಇದರ ಉಲ್ಟಾ.

ನಾನೂ ಹಾಗೇ ಮಾಡಿದವನೇ. ನನ್ನ ಮೊದಲ ಸೆಟ್ಟನ್ನು, ಮೂರು ಪಿನ್ ಹಾಕಬೇಕಾದಲ್ಲಿ, ಏಳು ತಿಂಗಳು ಒಂದೇ ಹಸಿರು ಪಿನ್ನಿನಲ್ಲಿ ಓಡಿಸಿದ್ದೆ. ಉಳಿದೆರಡು ವೈರು ಡಬ್ಬಿಯಲ್ಲೇ ಇದ್ದವು, ಅವುಗಳ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

## ಮೊದಲು ಕೈಗೆ ತೆಗೆದುಕೊಳ್ಳಬೇಕಾದ ಸಾಮಾನು

ಅಳತೆ ಟೇಪ್, ಟಾರ್ಚ್ (ಮೊಬೈಲಿನದೇ ಸಾಕು), ಉದ್ದನೆಯ ದಾರ, ಬಿಳಿ ಕಾಗದದ ಅಂಟು ಟೇಪ್, ಒಂದು ಪೆನ್ನು. ಜೊತೆಗೆ ನಿಜವಾಗಿ ಆರು ಚಾನಲ್ ಇರುವ ಒಂದು ಪರೀಕ್ಷೆಯ ಕ್ಲಿಪ್. ‘ಫ್ರಂಟ್ ಲೆಫ್ಟ್, ಸೆಂಟರ್’ ಎಂದು ಒಂದೊಂದೇ ಸ್ಪೀಕರಿನಲ್ಲಿ ಹೇಳಿಸುವ ಚಿಕ್ಕ ಕ್ಲಿಪ್ಪುಗಳು ಸಿಗುತ್ತವೆ. ಅದನ್ನು ಇಳಿಸಿಕೊಂಡು ಹಾರ್ಡ್ ಡಿಸ್ಕಿನಿಂದಲೇ ಓಡಿಸಿ. ಬ್ರೌಸರಿನಲ್ಲಿ ಓಡಿಸಿದರೆ ಅದು ಎರಡು ಚಾನಲ್ಲಿಗೆ ಇಳಿದಿರಬಹುದು. ಆಗ ಪರೀಕ್ಷೆಯೇ ಸುಳ್ಳಾಗುತ್ತದೆ.

## ಹಂತ 1: ನೀವು ಕೇಳುವುದರಲ್ಲಿ ಆರು ಚಾನಲ್ ಇದೆಯಾ?

ಹಾಡುಗಳು ಬಹುಪಾಲು ಎರಡು ಚಾನಲ್. ಯೂಟ್ಯೂಬ್ ವಿಡಿಯೋಗಳೂ ಹೆಚ್ಚಾಗಿ ಎರಡೇ. ಸ್ಟ್ರೀಮಿಂಗಿನಲ್ಲಿ ಅದೇ ಸಿನಿಮಾ ಟಿವಿಯ ಆ್ಯಪಿನಲ್ಲಿ 5.1 ಆಗಿದ್ದು, ಕಂಪ್ಯೂಟರಿನ ಬ್ರೌಸರಿನಲ್ಲಿ ಎರಡೇ ಚಾನಲ್ ಆಗಿರುವುದು ಸಾಮಾನ್ಯ. ನಿಜಕ್ಕೂ ಆರು ಚಾನಲ್ ಸಿಗುವುದು ಎರಡು ಕಡೆ: ಗೇಮುಗಳಲ್ಲಿ, ಮತ್ತು ಡಿವಿಡಿ, ಬ್ಲೂ-ರೇ ಅಥವಾ 5.1 ಧ್ವನಿ ಇರುವ ಸಿನಿಮಾ ಫೈಲುಗಳಲ್ಲಿ.

ಪರೀಕ್ಷೆ ಸುಲಭ. ನಿಮ್ಮ ಹತ್ತಿರ ಇರುವ ಸಿನಿಮಾ ಫೈಲನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆಯಿರಿ. ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಇನ್ಫರ್ಮೇಷನ್ ಒತ್ತಿ. ಆಡಿಯೊ ಭಾಗದಲ್ಲಿ ಚಾನಲ್ಸ್ ಎಂಬಲ್ಲಿ ‘3ಎಫ್2ಆರ್/ಎಲ್‌ಎಫ್‌ಇ’ ಎಂದಿದ್ದರೆ ಅದು 5.1. ಮುಂದೆ ಮೂರು, ಹಿಂದೆ ಎರಡು, ಜೊತೆಗೆ ಸಬ್ ಎಂದು ಅರ್ಥ. ‘ಸ್ಟೀರಿಯೊ’ ಎಂದಿದ್ದರೆ ಎರಡೇ ಚಾನಲ್, ಅಷ್ಟೇ.

ಇಂಥ ಐದಾರು ಫೈಲು ನೋಡಿ. ಒಂದರಲ್ಲೂ 5.1 ಇಲ್ಲ, ಗೇಮೂ ಆಡುವುದಿಲ್ಲ ಅಂದರೆ ಇಲ್ಲಿಗೇ ನಿಲ್ಲಿಸಿ. ಅದೇ ದುಡ್ಡಿಗೆ ಎರಡು ಒಳ್ಳೆಯ ಸ್ಪೀಕರ್ ಅಥವಾ ಒಂದು 2.1 ಸೆಟ್ (ಎರಡು ಸ್ಪೀಕರ್, ಒಂದು ಸಬ್) ಕೊಂಡರೆ ಹಾಡು ಜಾಸ್ತಿ ಚೆನ್ನಾಗಿ ಕೇಳಿಸುತ್ತದೆ. ದುಡ್ಡು ಆರು ಪಾಲಾಗುವ ಬದಲು ಎರಡು ಮೂರು ಪಾಲಾಗುತ್ತದೆ, ಅಲ್ವಾ?

## ಹಂತ 2: ಕುರ್ಚಿಯ ಸುತ್ತ ಜಾಗ ಅಳೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಎಲ್ಲರೂ ಮೇಜಿನ ಮೇಲಿನ ಜಾಗ ನೋಡುತ್ತಾರೆ. ಸೋಲುವುದು ಮಾತ್ರ ಕುರ್ಚಿಯ ಹಿಂದೆ.

ನೀವು ಯಾವಾಗಲೂ ಕೂರುವ ಜಾಗದಲ್ಲಿ ಕುರ್ಚಿ ಇಡಿ. ಮುಂದಿನ ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಮೂರೂ ಬದಿ ಸಮ ಇರುವ ತ್ರಿಕೋನ ಆಗಬೇಕು. ದಾರ ಹಿಡಿದು ನೋಡಿ: ತಲೆಯಿಂದ ಎಡ ಸ್ಪೀಕರಿಗೆ ಎಷ್ಟು ದೂರವೋ, ಎಡದಿಂದ ಬಲಕ್ಕೂ ಅಷ್ಟೇ. ಮೇಜಿನ ಮುಂದೆ ಇದು ಸುಮಾರು 70 ರಿಂದ 100 ಸೆಂಟಿಮೀಟರ್ ಬರುತ್ತದೆ. ನಡುವಿನ ಸ್ಪೀಕರ್ ಮಾನಿಟರಿನ ಕೆಳಗೆ ಅಥವಾ ಮೇಲೆ. ಕೆಳಗೆ ಇಡುವುದಾದರೆ ಮಾನಿಟರಿನ ತಳಕ್ಕೂ ಮೇಜಿಗೂ ನಡುವೆ ಎಷ್ಟು ಸಂದು ಇದೆ ಎಂದು ಅಳೆದು ಬರೆದುಕೊಳ್ಳಿ. ಆ ಸಂಖ್ಯೆ ಕೊಳ್ಳುವಾಗ ಬೇಕು.

ಈಗ ಹಿಂದಿನವು. ಇವುಗಳ ಜಾಗ ತಲೆಯ ನೇರ ಹಿಂದೆ ಅಲ್ಲ. ಮುಖದ ನೇರವನ್ನು ಸೊನ್ನೆ ಎಂದು ಹಿಡಿದರೆ ಎರಡೂ ಬದಿಗೆ 110 ಡಿಗ್ರಿ, ಅಂದರೆ ಕಿವಿಗಿಂತ ಸ್ವಲ್ಪವೇ ಹಿಂದೆ. ಧ್ವನಿಮಿಶ್ರಣದ ಅಂತಾರಾಷ್ಟ್ರೀಯ ಶಿಫಾರಸು ಹೇಳುವುದು 100 ರಿಂದ 120 ಡಿಗ್ರಿ. ಕೋನಮಾಪಕ ಹುಡುಕಬೇಡಿ. ಸ್ಪೀಕರನ್ನು ತಲೆಯಿಂದ ಒಂದು ಮೀಟರ್ ದೂರ ಇಡುವುದಾದರೆ, ಕಿವಿಯ ನೇರದಿಂದ ಸುಮಾರು 34 ಸೆಂಟಿಮೀಟರ್ ಹಿಂದೆ, 94 ಸೆಂಟಿಮೀಟರ್ ಪಕ್ಕಕ್ಕೆ. ಆ ಎರಡು ಜಾಗದಲ್ಲಿ ನೆಲದ ಮೇಲೆ ಟೇಪ್ ಅಂಟಿಸಿ.

ಟೇಪ್ ಅಂಟಿಸಿದ ಕೂಡಲೇ ನಿಜ ಗೊತ್ತಾಗುತ್ತದೆ. ಒಂದು ಕಡೆ ಬಾಗಿಲು ಇರುತ್ತದೆ. ಇನ್ನೊಂದು ಕಡೆ ಮಂಚ. ಅಥವಾ ಒಂದು ಬದಿಗೆ ಗೋಡೆ ಅಂಟಿಕೊಂಡಿದ್ದು, ಇನ್ನೊಂದು ಬದಿ ಇಡೀ ಕೋಣೆ ಖಾಲಿ. ಸ್ಟ್ಯಾಂಡ್ ಇಡುತ್ತೀರಾ, ಗೋಡೆಗೆ ಮೊಳೆ ಹೊಡೆಯುತ್ತೀರಾ, ಕಪಾಟಿನ ಮೇಲೆ ಕೂರಿಸುತ್ತೀರಾ ಎಂದು ಈಗಲೇ ತೀರ್ಮಾನಿಸಿ. ಗೋಡೆಯಾದರೆ ಸ್ಪೀಕರಿನ ಹಿಂದೆ ನೇತುಹಾಕುವ ತೂತು ಇರಲೇಬೇಕು. ಕಿವಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇದ್ದರೆ ತೊಂದರೆ ಇಲ್ಲ. ನೆಲದ ಮೇಲೆ ಮಾತ್ರ ಇಡಬೇಡಿ, ಕುರ್ಚಿಯ ಬೆನ್ನೇ ದನಿಗೆ ಅಡ್ಡ ಬರುತ್ತದೆ.

ಕೊನೆಯದಾಗಿ ವೈರಿನ ಉದ್ದ. ಸಬ್‌ವೂಫರ್ ಇಡುವ ಜಾಗದಿಂದ ಗೋಡೆಯ ಬುಡ ಹಿಡಿದು, ಬಾಗಿಲು ಸುತ್ತಿ, ಸ್ಟ್ಯಾಂಡಿನ ಮೇಲೆ ಹತ್ತುವವರೆಗೆ ದಾರ ಎಳೆದು ಅಳೆಯಿರಿ. ಅದಕ್ಕೆ ಒಂದು ಮೀಟರ್ ಸೇರಿಸಿ. ನೇರ ದೂರ ಎರಡು ಮೀಟರ್ ಇದ್ದದ್ದು ವೈರಿನ ಲೆಕ್ಕದಲ್ಲಿ ಐದು ಮೀಟರ್ ಆಗುವುದು ಹೊಸದೇನಲ್ಲ.

ಹಿಂದೆ ಜಾಗವೇ ಇಲ್ಲವಾ? ಹಾಗಾದರೆ 5.1 ಬಿಡಿ. ಮಾನಿಟರಿನ ಪಕ್ಕದಲ್ಲೇ ಐದೂ ಸ್ಪೀಕರನ್ನು ಸಾಲಾಗಿ ಜೋಡಿಸಿದವರನ್ನು ನೋಡಿದ್ದೇನೆ. ಅದು ಅಲಂಕಾರ, ಅಷ್ಟೇ. ಅಂಥ ಕೋಣೆಗೆ ಹೆಡ್‌ಫೋನೇ ವಾಸಿ. ಹೆಡ್‌ಫೋನಿಗೆ ಸುತ್ತಲ ದನಿ ಬರಿಸುವ ವಿಂಡೋಸ್ ಸೋನಿಕ್ ವಿಂಡೋಸಿನಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ.

## ಹಂತ 3: ಕಂಪ್ಯೂಟರಿನ ಬೆನ್ನಿನಲ್ಲಿ ಯಾವ ತೂತುಗಳಿವೆ?

ಟಾರ್ಚ್ ಹಿಡಿದು ಹಿಂದೆ ನೋಡಿ, ಒಂದು ಫೋಟೋ ತೆಗೆದುಕೊಳ್ಳಿ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿ.

ಬಣ್ಣದ ತೂತುಗಳು ಐದಾರು ಇದ್ದರೆ ನೀವು ಅದೃಷ್ಟವಂತರು. ಹಸಿರು ಮುಂದಿನ ಎರಡಕ್ಕೆ. ಕಪ್ಪು ಹಿಂದಿನ ಎರಡಕ್ಕೆ. ಕಿತ್ತಳೆ ನಡುವಿನದಕ್ಕೆ ಮತ್ತು ಸಬ್‌ಗೆ. ಬೂದು ಬಣ್ಣದ್ದು ಎಂಟು ಚಾನಲ್ಲಿನ 7.1 ಸೆಟ್ಟಿನ ಪಕ್ಕದ ಸ್ಪೀಕರಿಗೆ, ನಮಗೆ ಬೇಡ. ಗುಲಾಬಿ ಮೈಕಿಗೆ, ನೀಲಿ ಒಳಬರುವ ದನಿಗೆ. ಒಂದೊಂದು 3.5 ಮಿಲಿಮೀಟರ್ ಜ್ಯಾಕ್ ಎರಡು ಚಾನಲ್ ಹೊರುತ್ತದೆ. ಆರು ಚಾನಲ್ಲಿಗೆ ಮೂರು ಪಿನ್ ಬೇಕೇ ಬೇಕು. ಇದೊಂದು ಲೆಕ್ಕ ನೆನಪಿದ್ದರೆ ಅರ್ಧ ಮೋಸ ತಪ್ಪುತ್ತದೆ.

ಮೂರೇ ತೂತು ಇದ್ದರೆ, ಅಂದರೆ ಹಸಿರು, ನೀಲಿ, ಗುಲಾಬಿ, ಅಲ್ಲಿಗೆ ಮುಗಿಯಲಿಲ್ಲ. ಬಹಳಷ್ಟು ಮದರ್‌ಬೋರ್ಡುಗಳಲ್ಲಿ ಸೌಂಡ್ ಸಾಫ್ಟ್‌ವೇರಿನಲ್ಲಿ 5.1 ಆರಿಸಿದರೆ ನೀಲಿ ತೂತು ಹಿಂದಿನ ಸ್ಪೀಕರಿಗೂ ಗುಲಾಬಿ ತೂತು ಸೆಂಟರ್ ಮತ್ತು ಸಬ್‌ಗೂ ಬದಲಾಗುತ್ತವೆ. ಮೈಕನ್ನು ಆಗ ಕ್ಯಾಬಿನೆಟ್ಟಿನ ಮುಂದಿನ ತೂತಿಗೆ ಹಾಕಬೇಕು. ನಿಮ್ಮ ಬೋರ್ಡಿನ ಕೈಪಿಡಿಯಲ್ಲಿ ‘6 ಚಾನಲ್’ ಎಂಬ ಪಟ್ಟಿ ಇದೆಯೇ ನೋಡಿ. ಇದ್ದರೆ ಆಯಿತು.

ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿನ ಒಂದೇ ತೂತು ಇರುತ್ತದೆ. ಅದರಿಂದ ಎರಡು ಚಾನಲ್ ಬಿಟ್ಟು ಬೇರೇನೂ ಬರುವುದಿಲ್ಲ. ಒಂದು ತೂತನ್ನು ಮೂರಾಗಿ ಒಡೆಯುವ ವೈರು ಸಿಗುತ್ತದೆ, ಅದು ಅದೇ ಎರಡು ಚಾನಲ್ಲನ್ನು ಮೂರು ಕಡೆ ಹಂಚುತ್ತದೆ ಅಷ್ಟೇ. ಇದಕ್ಕೆ ಸರಿಯಾದ ದಾರಿ ಯುಎಸ್‌ಬಿ ಸೌಂಡ್ ಕಾರ್ಡ್, ಅಂದರೆ ಯುಎಸ್‌ಬಿಗೆ ಹಾಕಿದರೆ ದನಿಯ ಬೇರೆ ತೂತುಗಳನ್ನು ಕೊಡುವ ಸಾಧನ. ಇಲ್ಲೂ ಒಂದು ಮೋಸ ಇದೆ: ಹೆಬ್ಬೆರಳಿನಷ್ಟು ದೊಡ್ಡ ಕಡ್ಡಿಯ ಮೇಲೆ ‘7.1’ ಎಂದು ಬರೆದಿರುತ್ತದೆ, ತೂತು ಮಾತ್ರ ಎರಡೇ, ಒಂದು ಹೆಡ್‌ಫೋನಿಗೆ, ಒಂದು ಮೈಕಿಗೆ. ಅದು ಹೆಡ್‌ಫೋನಿನಲ್ಲಿ ಸುತ್ತಲ ದನಿಯ ಭ್ರಮೆ ಹುಟ್ಟಿಸುವ ಸಾಧನ. ನಿಮಗೆ ಬೇಕಾದದ್ದು ದನಿ ಹೊರಬರುವ ತೂತು ಕನಿಷ್ಠ ಮೂರಿರುವ ಕಾರ್ಡ್.

ಆಪ್ಟಿಕಲ್ ತೂತು (ಒಳಗೆ ಕೆಂಪು ಬೆಳಕು ಕಾಣುವುದು) ಇದೆ, ಹಾಗಾದರೆ ಡಿಜಿಟಲ್, ಎಲ್ಲ ಸರಿ ಎಂದುಕೊಳ್ಳುತ್ತಾರೆ. ಜನ ಜಾಸ್ತಿ ಎಡವುವುದು ಇಲ್ಲೇ. ಆಪ್ಟಿಕಲ್ ವೈರು ಸಂಕುಚಿತಗೊಳಿಸದ ದನಿಯನ್ನು ಎರಡೇ ಚಾನಲ್ ಹೊರಬಲ್ಲದು. ಆರು ಚಾನಲ್ ಹೋಗಬೇಕಾದರೆ ಅದು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಎಂಬ ರೂಪದಲ್ಲಿ ಮಡಚಿರಬೇಕು, ಅಂದರೆ ಸಂಕುಚಿತಗೊಳಿಸಿರಬೇಕು. ಸಿನಿಮಾ ಫೈಲಿನಲ್ಲಿ ಅದು ಹೆಚ್ಚಾಗಿ ಮೊದಲೇ ಹೀಗೆ ಮಡಚಿರುತ್ತದೆ, ಹಾಗೇ ದಾಟಿಸಬಹುದು. ಗೇಮಿನ ದನಿ ಮಾತ್ರ ಆ ಕ್ಷಣಕ್ಕೆ ಹುಟ್ಟುವಂಥದ್ದು, ಮಡಚಿರುವುದಿಲ್ಲ. ಅದನ್ನು ಕೂಡಲೇ ಮಡಚಿ ಕಳಿಸಲು ಕಾರ್ಡಿನಲ್ಲಿ ‘ಡಾಲ್ಬಿ ಡಿಜಿಟಲ್ ಲೈವ್’ ಅಥವಾ ‘ಡಿಟಿಎಸ್ ಕನೆಕ್ಟ್’ ಎಂಬ ಸೌಲಭ್ಯ ಇರಬೇಕು. ಇಲ್ಲದಿದ್ದರೆ ಸಿನಿಮಾದಲ್ಲಿ 5.1, ಗೇಮಿನಲ್ಲಿ ಎರಡು. ‘ನಿನ್ನೆ ಚೆನ್ನಾಗಿತ್ತು, ಇವತ್ತು ಹಿಂದಿನವು ಸತ್ತವು’ ಎಂಬ ದೂರಿನ ಮೂಲ ಹೆಚ್ಚಾಗಿ ಇದೇ.

ಎಚ್‌ಡಿಎಂಐ ಎಂಟು ಚಾನಲ್ಲನ್ನು ಮಡಚದೆ ಹಾಗೇ ಹೊರಬಲ್ಲದು. ದಾರಿ ಚೆನ್ನಾಗಿದೆ, ಎದುರಿಗೆ ಎಚ್‌ಡಿಎಂಐ ‘ಇನ್’ ಇರುವ ರಿಸೀವರ್ (ದನಿಯನ್ನು ಸ್ಪೀಕರುಗಳಿಗೆ ಹಂಚುವ ಆಂಪ್ಲಿಫೈಯರ್) ಅಥವಾ ಸೌಂಡ್‌ಬಾರ್ ಇರಬೇಕು, ಅಷ್ಟೇ. ಸೌಂಡ್‌ಬಾರಿನಲ್ಲಿ ‘ಎಚ್‌ಡಿಎಂಐ ಎಆರ್‌ಸಿ’ ಎಂಬ ಒಂದೇ ತೂತು ಇದ್ದರೆ ಅದು ಟಿವಿಯಿಂದ ದನಿ ತೆಗೆದುಕೊಳ್ಳಲು ಇರುವುದು. ಕಂಪ್ಯೂಟರನ್ನು ನೇರ ಅದಕ್ಕೆ ಚುಚ್ಚಿದರೆ ಏನೂ ಬರುವುದಿಲ್ಲ. ಮಾನಿಟರಿಗೆ ಎಚ್‌ಡಿಎಂಐ ಹಾಕಿ, ಮಾನಿಟರಿನ ಹೆಡ್‌ಫೋನ್ ತೂತಿನಿಂದ ಸ್ಪೀಕರಿಗೆ ಎಳೆಯುವುದೂ ಬೇಡ. ಮಾನಿಟರ್ ತನ್ನದು ಎರಡೇ ಚಾನಲ್ ಎಂದು ಕಂಪ್ಯೂಟರಿಗೆ ಹೇಳುತ್ತದೆ, ವಿಂಡೋಸ್ ಅಷ್ಟನ್ನೇ ಕಳಿಸುತ್ತದೆ.

ಬ್ಲೂಟೂತ್ ಸಂಗತಿ ಚಿಕ್ಕದು. ಸ್ಪೀಕರಿಗೆ ಹೋಗುವ ಸಾಮಾನ್ಯ ಬ್ಲೂಟೂತ್ ದಾರಿಯಲ್ಲಿ ಎರಡೇ ಚಾನಲ್, ಮೇಲೆ ದನಿ ತಡವೂ ಆಗುತ್ತದೆ. ಗೇಮಿಗೆ ಆಗದು. ಹಾಡಿಗೆ ಸರಿ.

ಈ ಹಂತ ಮುಗಿದಾಗ ಕಾಗದದ ಮೇಲೆ ಒಂದೇ ಸಾಲು ಇರಬೇಕು. ‘ನನ್ನ ಕಂಪ್ಯೂಟರಿನಿಂದ ಆರು ಚಾನಲ್ ಹೊರಬರುವ ದಾರಿ: ಮೂರು ಪಿನ್’ ಎಂದೋ, ‘ಎಚ್‌ಡಿಎಂಐ’ ಎಂದೋ, ‘ದಾರಿ ಇಲ್ಲ, ಮೊದಲು ಯುಎಸ್‌ಬಿ ಕಾರ್ಡ್ ಬೇಕು’ ಎಂದೋ. ಈ ಸಾಲು ಬರೆಯಲಾಗದಿದ್ದರೆ ಸ್ಪೀಕರ್ ಹುಡುಕಲು ಹೊರಡಬೇಡಿ.

## ಹಂತ 4: ಸಬ್‌ವೂಫರ್ ಬಾಕ್ಸಿನ ಬೆನ್ನು ನೋಡಿ

ಕೊಳ್ಳುವ ಪುಟದಲ್ಲಿ ಮುಂಭಾಗದ ಫೋಟೋ ಹತ್ತು ಇರುತ್ತವೆ, ಬಣ್ಣದ ದೀಪ ಹೊಳೆಯುತ್ತಿರುತ್ತದೆ. ಸಬ್‌ವೂಫರಿನ ಹಿಂಭಾಗದ ಫೋಟೋ ಹುಡುಕಿ. ಆ ಫೋಟೋ ಇಲ್ಲದ ಸೆಟ್ಟನ್ನು ನಾನು ಪಟ್ಟಿಯಿಂದಲೇ ತೆಗೆಯುತ್ತೇನೆ.

ಅಲ್ಲಿ ಇರಬೇಕಾದದ್ದು: 3.5 ಮಿಲಿಮೀಟರಿನ ಮೂರು ಒಳಬರುವ ತೂತು, ಅಥವಾ ಆರು ಆರ್‌ಸಿಎ ತೂತು, ಅಂದರೆ ಹಳೆಯ ಟಿವಿ, ಡಿವಿಡಿ ಪ್ಲೇಯರುಗಳ ಕೆಂಪು-ಬಿಳಿ ಪಿನ್ ಹೋಗುವ ದುಂಡು ತೂತು (ಎಫ್‌ಎಲ್, ಎಫ್‌ಆರ್, ಎಸ್‌ಎಲ್, ಎಸ್‌ಆರ್, ಸಿ, ಎಸ್‌ಡಬ್ಲ್ಯೂ ಎಂದು ಬರೆದಿರುತ್ತದೆ, ಕೆಲವು ಕಡೆ ‘5.1 ಇನ್‌ಪುಟ್’ ಅಥವಾ ‘ಡಿವಿಡಿ’ ಎಂದೂ ಇರುತ್ತದೆ). ಆರು ಆರ್‌ಸಿಎ ಇದ್ದರೆ ಒಂದು 3.5 ಪಿನ್ನಿನಿಂದ ಎರಡು ಆರ್‌ಸಿಎ ಆಗುವ ವೈರು ಮೂರು ಬೇಕು. ಡಬ್ಬಿಯಲ್ಲಿ ಒಂದೇ ಕೊಟ್ಟಿರುವುದು ಮಾಮೂಲು. ಉಳಿದೆರಡನ್ನು ಜೊತೆಗೇ ತರಿಸಿಕೊಳ್ಳಿ.

ಹೊರಗೆ ತೋರಿಸುವಂತೆ ಒಳಗೆ ಇಲ್ಲ ಎನ್ನುವ ಗುರುತುಗಳು ಇವು:

- ಹಿಂದೆ ‘ಆಕ್ಸ್’ ಎಂಬ ಒಂದೇ ಜೋಡಿ ತೂತು ಇದೆ, ಸ್ಪೀಕರ್ ಮಾತ್ರ ಐದು. ಅದು ಎರಡು ಚಾನಲ್ಲನ್ನೇ ಐದಕ್ಕೂ ಹಂಚುವ ಸೆಟ್. ‘ಐದರಲ್ಲೂ ಒಂದೇ ಬರ್ತಿದೆ’ ಎಂಬ ದೂರು ಇಲ್ಲಿಂದಲೇ.
- ‘ಯುಎಸ್‌ಬಿ ಇದೆ’ ಎಂದು ಬರೆದಿದೆ. ಚಪ್ಪಟೆಯ ಅಗಲ ತೂತಾಗಿದ್ದರೆ ಅದು ಪೆನ್‌ಡ್ರೈವ್ ಹಾಕಿ ಹಾಡು ಕೇಳಲು. ಕಂಪ್ಯೂಟರಿಗೂ ಅದಕ್ಕೂ ಸಂಬಂಧ ಇಲ್ಲ.
- ಆಪ್ಟಿಕಲ್ ತೂತಿದೆ, ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಬಿಡಿಸುವ ಮಾತೇ ಎಲ್ಲೂ ಇಲ್ಲ. ಹಾಗಾದರೆ ಅದರಲ್ಲೂ ಎರಡೇ ಚಾನಲ್.
- ಸ್ಪೀಕರ್ ನಾಲ್ಕು, ಸಬ್ ಒಂದು, ಮೇಲೆ ‘4.1’. ಮೋಸ ಅಲ್ಲ, ಆದರೆ ನಡುವಿನ ಸ್ಪೀಕರ್ ಇಲ್ಲ. ಇಲ್ಲೂ ಒಳಬರುವ ತೂತು ಎಷ್ಟು ಎಂದು ಎಣಿಸಿ.

ಎರಡೂ ದಾರಿ ಇರುವ ಸೆಟ್ಟುಗಳೂ ಇವೆ. ಲಾಜಿಟೆಕ್ ಝಡ್906 ಅಂಥದ್ದು: ಆರು ಚಾನಲ್ ನೇರ ಒಳಬರುವ ತೂತುಗಳೂ ಇವೆ, ಆಪ್ಟಿಕಲ್ಲಿನಲ್ಲಿ ಬರುವ ಡಾಲ್ಬಿ ಡಿಜಿಟಲ್, ಡಿಟಿಎಸ್ ಬಿಡಿಸುವ ವ್ಯವಸ್ಥೆಯೂ ಇದೆ. ಆದರೆ ಅದರ ಸಬ್ ಪುಟ್ಟದಲ್ಲ, ಮೇಜಿನ ಕೆಳಗೆ ಕಾಲಿಗೆ ಜಾಗ ಉಳಿಯುತ್ತದೆಯೇ ಅಳೆದು ನೋಡಿ.

## ಹಂತ 5: ಸ್ಪೀಕರಿನ ವೈರು ಬಿಚ್ಚಲು ಬರುತ್ತದೆಯಾ?

ಚಿಕ್ಕ ವಿಷಯ, ದೊಡ್ಡ ತಲೆನೋವು. ಒತ್ತಿ ಬರಿಯ ತಂತಿ ಸಿಕ್ಕಿಸುವ ಕ್ಲಿಪ್ ಇದ್ದರೆ ಎಷ್ಟು ಉದ್ದದ ವೈರನ್ನೂ ಹಾಕಬಹುದು. ಆರ್‌ಸಿಎ ಪಿನ್ ಇದ್ದರೂ ಉದ್ದ ಮಾಡುವ ವೈರು ಸಿಗುತ್ತದೆ. ವೈರು ಸ್ಪೀಕರಿನೊಳಗೇ ಅಂಟಿಕೊಂಡಿದ್ದು, ಇನ್ನೊಂದು ತುದಿಯಲ್ಲಿ ಆ ಕಂಪನಿಯದೇ ವಿಚಿತ್ರ ಪಿನ್ ಇದ್ದರೆ, ಡಬ್ಬಿಯಲ್ಲಿ ಬಂದ ಉದ್ದವೇ ಗತಿ. ಹಂತ 2ರಲ್ಲಿ ಅಳೆದ ಸಂಖ್ಯೆ ಈಗ ತೆಗೆಯಿರಿ. ‘ಹಿಂದಿನ ಸ್ಪೀಕರಿನ ವೈರು’ ಎಷ್ಟು ಎಂದು ಪ್ರತ್ಯೇಕವಾಗಿ ಬರೆದಿದೆಯೇ ನೋಡಿ. ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ ಉದ್ದ ಕೊಡುವವರಿದ್ದಾರೆ.

‘ಹಿಂದಿನವು ವೈರ್‌ಲೆಸ್’ ಎಂದಿದ್ದರೆ ಖುಷಿಪಡುವ ಮೊದಲು ಇಷ್ಟು ನೆನಪಿರಲಿ: ದನಿಗೆ ವೈರು ಬೇಡ, ಕರೆಂಟಿಗೆ ಬೇಕು. ಹಿಂದೆ ಪ್ಲಗ್ ಪಾಯಿಂಟ್ ಇದೆಯಾ?

## ಹಂತ 6: ಅಂಕಿಗಳನ್ನು ಓದುವ ಬಗೆ

ವ್ಯಾಟ್ ಬಗ್ಗೆ ಒಂದೇ ಮಾತು: ಪಿಎಂಪಿಒ ಎಂದಿದ್ದರೆ ಅದು ಜಾಹೀರಾತಿಗಾಗಿ ಉಬ್ಬಿಸಿದ ಸಂಖ್ಯೆ, ಓದಲೇಬೇಡಿ. ಆರ್‌ಎಂಎಸ್ ವ್ಯಾಟ್ (ಸತತವಾಗಿ ಕೊಡಬಲ್ಲ ವ್ಯಾಟ್) ಮಾತ್ರ ನೋಡಿ, ಅದೂ ಬಿಡಿಬಿಡಿಯಾಗಿ. ‘100 ವ್ಯಾಟ್’ ಅಂದರೆ ಸಬ್‌ಗೆ 40, ಉಳಿದ ಐದಕ್ಕೆ ತಲಾ 12 ಇರಬಹುದು. ಸಬ್‌ಗೆ 75, ಉಳಿದವಕ್ಕೆ ತಲಾ 5 ಕೂಡ ಇರಬಹುದು. ಎರಡನೆಯದರಲ್ಲಿ ಬರೀ ಢಂ ಢಂ, ಮಾತು ಕೇಳಿಸುವುದಿಲ್ಲ.

ಕೈಗೆಟುಕುವ ದೂರದಲ್ಲಿ ಕೂತು ಕೇಳುವವರಿಗೆ ಒಂದೊಂದು ಚಿಕ್ಕ ಸ್ಪೀಕರಿಗೆ ನಿಜವಾದ 10 ವ್ಯಾಟ್ ಧಾರಾಳ. ವ್ಯಾಟ್ ಎರಡರಷ್ಟಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಲು ಸುಮಾರು ಹತ್ತರಷ್ಟು ವ್ಯಾಟ್ ಬೇಕು. 50ಕ್ಕೂ 70ಕ್ಕೂ ನಡುವೆ ಒದ್ದಾಡುವುದು ಸುಮ್ನೆ.

ವ್ಯಾಟಿಗಿಂತ ಮುಖ್ಯವಾದ ಸಾಲು ಬೇರೆ ಇದೆ, ಅದನ್ನು ಯಾರೂ ಓದುವುದಿಲ್ಲ. ಚಿಕ್ಕ ಸ್ಪೀಕರ್ ಎಷ್ಟು ಹರ್ಟ್ಜ್‌ನಿಂದ (ಈ ಸಂಖ್ಯೆ ಕಡಿಮೆಯಾದಷ್ಟೂ ದನಿ ಕೆಳಗಿನದು) ಶುರುವಾಗುತ್ತದೆ, ಸಬ್ ಎಷ್ಟು ಹರ್ಟ್ಜ್‌ವರೆಗೆ ಹೋಗುತ್ತದೆ? ಚಿಕ್ಕವು 150ರಿಂದ, ಸಬ್ 40ರಿಂದ 150ರವರೆಗೆ ಎಂದಿದ್ದರೆ ಎರಡೂ ಕೂಡಿಕೊಂಡವು. ಚಿಕ್ಕವು 200ರಿಂದ, ಸಬ್ 120ರವರೆಗೆ ಎಂದಿದ್ದರೆ ನಡುವೆ ಹಳ್ಳ. ಗಂಡಸರ ದನಿಯ ಬುಡ ಇರುವುದು ಸುಮಾರು 85ರಿಂದ 180 ಹರ್ಟ್ಜ್ ಒಳಗೆ. ಆ ಹಳ್ಳ ಇರುವ ಸೆಟ್ಟಿನಲ್ಲಿ ಎಲ್ಲರೂ ಟೆಲಿಫೋನಿನಲ್ಲಿ ಮಾತಾಡಿದಂತೆ ಕೇಳಿಸುತ್ತದೆ. ಎರಡು ಇಂಚಿಗಿಂತ ಚಿಕ್ಕ ಕೋನ್ (ಅದುರಿ ದನಿ ಹೊರಡಿಸುವ ದುಂಡು ಭಾಗ) ಇರುವ ಸ್ಪೀಕರುಗಳಲ್ಲಿ ಈ ಭಯ ಜಾಸ್ತಿ. ಮೂರು ಇಂಚು ಸಿಕ್ಕರೆ ಅದನ್ನೇ ಹಿಡಿಯಿರಿ, ಮೇಜಿನ ಮೇಲೆ ಎರಡು ಬೆರಳು ಜಾಗ ಜಾಸ್ತಿ ಹೋದರೂ ಪರವಾಗಿಲ್ಲ.

ಸಬ್ ಮತ್ತು ಹಿಂದಿನ ಸ್ಪೀಕರುಗಳ ದನಿಯನ್ನು ಬೇರೆಬೇರೆಯಾಗಿ ಏರಿಸಿ ಇಳಿಸಲು ಗುಂಡಿ ಇದೆಯೇ ನೋಡಿ. ಸಬ್‌ಗಾದರೂ ಇರಲೇಬೇಕು.

ಕೇಳಿ ನೋಡುವ ಅವಕಾಶ ಸಿಕ್ಕರೆ ಹಾಡು ಹಾಕಿಸಬೇಡಿ, ಮಾತು ಹಾಕಿಸಿ. ವಾಲ್ಯೂಮ್ ಸೊನ್ನೆಗೆ ಇಳಿಸಿ ಕಿವಿ ಹತ್ತಿರ ಹಿಡಿಯಿರಿ, ಗುಂಯ್ ಅನ್ನಬಾರದು. ಆಮೇಲೆ ಪ್ಲಗ್ ಕಿತ್ತು ಮತ್ತೆ ಹಾಕಿಸಿ. ಕೆಲವು ಸೆಟ್ಟುಗಳು ಪ್ರತಿ ಸಲವೂ ಬ್ಲೂಟೂತಿಗೆ ಹೋಗಿ ಕೂತು, ‘ಕನೆಕ್ಟೆಡ್’ ಎಂದು ಕಿರುಚುತ್ತವೆ. ದಿನಾ ರಾತ್ರಿ ಅದನ್ನು ಕೇಳಲು ಮನೆಯವರು ಒಪ್ಪುತ್ತಾರಾ ನೋಡಿ.

## ಹಂತ 7: ಜೋಡಿಸುವ ಕ್ರಮ

1. ಕಂಪ್ಯೂಟರ್, ಸಬ್ ಎರಡರ ಪ್ಲಗ್ಗನ್ನೂ ತೆಗೆದಿಡಿ.

2. ಟೇಪ್ ತುಂಡುಗಳ ಮೇಲೆ ‘ಮುಂದೆ ಎಡ’, ‘ಹಿಂದೆ ಬಲ’ ಎಂದು ಬರೆದು ಪ್ರತಿ ವೈರಿನ ಎರಡೂ ತುದಿಗೆ ಅಂಟಿಸಿ. ಐದು ನಿಮಿಷದ ಕೆಲಸ. ಮಾಡದಿದ್ದರೆ ಮೇಜಿನ ಕೆಳಗೆ ತೆವಳುವುದು ಖಂಡಿತ.

3. ಸ್ಪೀಕರುಗಳನ್ನು ಸಬ್‌ಗೆ ಜೋಡಿಸಿ. ಬರಿಯ ತಂತಿಯಾದರೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದೇ ಒಂದು ಸ್ಪೀಕರಿನಲ್ಲಿ ಇದು ಅದಲುಬದಲಾದರೂ ಸದ್ದು ಬರುತ್ತದೆ, ಆದರೆ ಬುಡ ಇಲ್ಲದ ತೆಳ್ಳಗಿನ ಸದ್ದು. ತಂತಿಯ ಎಳೆ ಪಕ್ಕದ ಕ್ಲಿಪ್ಪಿಗೆ ತಾಗದಂತೆ ತಿರುಚಿ ಹಾಕಿ. ತಾಗಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

4. ಸಬ್‌ನಿಂದ ಕಂಪ್ಯೂಟರಿಗೆ ಮೂರು ಪಿನ್. ಹಸಿರಿಗೆ ಹಸಿರು, ಕಪ್ಪಿಗೆ ಕಪ್ಪು, ಕಿತ್ತಳೆಗೆ ಕಿತ್ತಳೆ. ಕಂಪ್ಯೂಟರಿನಲ್ಲಿ ಮೂರೇ ತೂತಿದ್ದರೆ ಕಪ್ಪು ನೀಲಿಗೆ, ಕಿತ್ತಳೆ ಗುಲಾಬಿಗೆ.

5. ಸಬ್ಬನ್ನು ಮೇಜಿನ ಕೆಳಗೆ ನೆಲದ ಮೇಲೆ, ಆದಷ್ಟು ಮುಂದಿನ ಸ್ಪೀಕರುಗಳ ಕಡೆಗೇ ಇಡಿ. 80 ಹರ್ಟ್ಜ್‌ಗಿಂತ ಕೆಳಗಿನ ದನಿ ಎಲ್ಲಿಂದ ಬಂತೆಂದು ಕಿವಿಗೆ ಗೊತ್ತಾಗುವುದು ಕಷ್ಟ. ಪುಟ್ಟ ಸೆಟ್ಟಿನ ಸಬ್ ಮಾತ್ರ 150 ಹರ್ಟ್ಜ್‌ವರೆಗೂ ಕೆಲಸ ಮಾಡುತ್ತದೆ, ಆ ದನಿಯ ದಿಕ್ಕು ಗೊತ್ತಾಗುತ್ತದೆ. ಮೂಲೆಯಲ್ಲಿಟ್ಟರೆ ಗಂಡಸರೆಲ್ಲ ಮೂಲೆಯಿಂದ ಮಾತಾಡುತ್ತಾರೆ.

6. ವಾಲ್ಯೂಮ್ ಪೂರ್ತಿ ಇಳಿಸಿ, ಆಮೇಲೆ ಕರೆಂಟ್ ಕೊಡಿ.

## ಹಂತ 8: ವಿಂಡೋಸಿಗೆ ಆರು ಸ್ಪೀಕರ್ ಇದೆ ಎಂದು ಹೇಳಿ

ನೀವು ಹೇಳುವವರೆಗೂ ವಿಂಡೋಸ್ ಎರಡೇ ಸ್ಪೀಕರ್ ಎಂದು ನಂಬಿರುತ್ತದೆ.

ಸೆಟ್ಟಿಂಗ್ಸಿನಲ್ಲಿ ಸೌಂಡ್, ಅದರಲ್ಲಿ ಮೋರ್ ಸೌಂಡ್ ಸೆಟ್ಟಿಂಗ್ಸ್ ತೆರೆಯಿರಿ. ಪ್ಲೇಬ್ಯಾಕ್ ಪಟ್ಟಿಯಲ್ಲಿ ನಿಮ್ಮ ಸ್ಪೀಕರ್ ಆರಿಸಿ ಕಾನ್ಫಿಗರ್ ಒತ್ತಿ, 5.1 ಸರೌಂಡ್ ಆರಿಸಿ. ಎರಡು ‘5.1 ಸರೌಂಡ್’ ಕಂಡರೆ ಗಾಬರಿ ಬೇಡ: ಒಂದು ಹಿಂದಿನ ಸ್ಪೀಕರಿನದು, ಇನ್ನೊಂದು ಪಕ್ಕದ ಸ್ಪೀಕರಿನದು. ಟೆಸ್ಟ್ ಒತ್ತಿದಾಗ ಹಿಂದಿನವು ಮೌನವಾಗಿದ್ದರೆ ಇನ್ನೊಂದನ್ನು ಆರಿಸಿ ನೋಡಿ.

ಪಟ್ಟಿಯಲ್ಲಿ ಸ್ಟೀರಿಯೊ ಬಿಟ್ಟು ಬೇರೇನೂ ಇಲ್ಲದಿದ್ದರೆ ಎರಡು ಕಾರಣ. ಮದರ್‌ಬೋರ್ಡ್ ಕಂಪನಿಯ ಸೌಂಡ್ ಡ್ರೈವರ್ ಹಾಕಿಲ್ಲ, ಅಥವಾ ನೀವು ಆರಿಸಿದ್ದು ಬೇರೆ ಸಾಧನ. ಮಾನಿಟರಿನ ಹೆಸರು ಕಾಣುತ್ತಿದೆಯಾ ನೋಡಿ. ಬೋರ್ಡಿನ ಸೌಂಡ್ ಸಾಫ್ಟ್‌ವೇರ್ ಇದ್ದರೆ ಅಲ್ಲೂ 5.1 ಆರಿಸಬೇಕಾಗಬಹುದು. ಪಿನ್ ಹಾಕಿದಾಗ ‘ಯಾವ ಸಾಧನ?’ ಎಂದು ಅದು ಕೇಳಿದರೆ, ಓದದೆ ಓಕೆ ಒತ್ತಬೇಡಿ.

ಮುಂದಿನ ಪುಟದಲ್ಲಿ ಇಲ್ಲದ ಸ್ಪೀಕರಿನ ಗುರುತು ತೆಗೆಯಬಹುದು. 4.1 ಸೆಟ್ ಇರುವವರು 5.1 ಆರಿಸಿ, ಸೆಂಟರಿನ ಗುರುತು ತೆಗೆಯಬೇಕು. ತೆಗೆಯದಿದ್ದರೆ ಸಿನಿಮಾದ ಮಾತೆಲ್ಲ ಇಲ್ಲದ ಸ್ಪೀಕರಿಗೆ ಹೋಗಿ ಮಾಯವಾಗುತ್ತದೆ.

ಅದರ ಮುಂದಿನದು ‘ಫುಲ್-ರೇಂಜ್ ಸ್ಪೀಕರ್ಸ್’. ಒಂದು ಸಾಮಾನ್ಯ ಹಾಡು ಹಾಕಿ. ಸಬ್ ಮಿಡಿಯುತ್ತಿದ್ದರೆ ಇದನ್ನು ಮುಟ್ಟಬೇಡಿ, ಬಾಕ್ಸೇ ಕೆಳದನಿಯನ್ನು ಸಬ್‌ಗೆ ಕಳಿಸುತ್ತಿದೆ. ಸಬ್ ಸುಮ್ಮನಿದ್ದರೆ ಎರಡೂ ಗುರುತು ತೆಗೆದು ಮತ್ತೆ ಕೇಳಿ.

ಗೇಮ್ ತೆರೆದಿದ್ದರೆ ಮುಚ್ಚಿ ಮತ್ತೆ ತೆರೆಯಿರಿ. ಎಷ್ಟು ಸ್ಪೀಕರ್ ಎಂದು ಅನೇಕ ಗೇಮುಗಳು ಶುರುವಾಗುವಾಗ ಮಾತ್ರ ನೋಡುತ್ತವೆ.

## ಹಂತ 9: ದನಿಯ ಮಟ್ಟ

ಪರೀಕ್ಷೆಯ ಕ್ಲಿಪ್ ಓಡಿಸಿ, ಕುರ್ಚಿಯಲ್ಲೇ ಕೂತು. ಮೊದಲು ಮುಂದಿನ ಎರಡು ಸಮ ಮಾಡಿ. ಅವಕ್ಕೆ ಸೆಂಟರನ್ನು ಹೊಂದಿಸಿ. ಆಮೇಲೆ ಹಿಂದಿನವು. ಸಬ್ ಕೊನೆಗೆ. ಸಬ್‌ನಿಂದ ಶುರು ಮಾಡಿದವರು ಉಳಿದೆಲ್ಲವನ್ನೂ ಅದಕ್ಕೆ ತಕ್ಕಂತೆ ಏರಿಸುತ್ತಾ ಹೋಗುತ್ತಾರೆ.

ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಒಂದು ಹಿಂದಿನ ಸ್ಪೀಕರ್ ಅರ್ಧ ಮೀಟರಿನಲ್ಲೂ ಇನ್ನೊಂದು ಒಂದು ಮೀಟರಿನಲ್ಲೂ ಇದ್ದರೆ ಸೌಂಡ್ ಪ್ರಾಪರ್ಟೀಸಿನ ಲೆವೆಲ್ಸ್‌ನಲ್ಲಿ ಬ್ಯಾಲೆನ್ಸ್ ಒತ್ತಿ ಹತ್ತಿರದ್ದನ್ನು ಇಳಿಸಿ. ಹಿಂದಿನವು ಇವೆ ಎಂದು ಪ್ರತಿ ಕ್ಷಣ ಗೊತ್ತಾಗುತ್ತಿದ್ದರೆ ಅವು ಜೋರಾದವು ಎಂದೇ ಅರ್ಥ.

## ಲಕ್ಷಣ ನೋಡಿ ಕಾರಣ ಹಿಡಿಯುವುದು

ಮಾತು ಸಬ್‌ನಿಂದ ಗೊಗ್ಗರಾಗಿ ಬರುತ್ತಿದೆ, ಸೆಂಟರ್ ಸುಮ್ಮನಿದೆ. ಸೆಂಟರ್ ಮತ್ತು ಸಬ್ ಅದಲುಬದಲಾಗಿವೆ. ಆರ್‌ಸಿಎ ಆದರೆ ಆ ಎರಡು ಪಿನ್ ಬದಲಿಸಿ. ಒಂದೇ ಪಿನ್ ಆದರೆ ಸೌಂಡ್ ಸಾಫ್ಟ್‌ವೇರಿನಲ್ಲಿ ‘ಸ್ವಾಪ್ ಸೆಂಟರ್/ಸಬ್‌ವೂಫರ್’ ಹುಡುಕಿ.

ಟೆಸ್ಟಿನಲ್ಲಿ ಆರೂ ಬರುತ್ತವೆ, ಹಾಡಿನಲ್ಲಿ ಮುಂದಿನವು ಮಾತ್ರ. ಏನೂ ಕೆಟ್ಟಿಲ್ಲ. ಹಾಡಿನಲ್ಲಿ ಇರುವುದೇ ಎರಡು ಚಾನಲ್. ಎಲ್ಲದರಲ್ಲೂ ಬೇಕೇಬೇಕು ಅಂದರೆ ‘ಸ್ಪೀಕರ್ ಫಿಲ್’ ಎಂಬ ಸೌಲಭ್ಯ ಕೆಲವು ಡ್ರೈವರುಗಳಲ್ಲಿದೆ. ನಾನು ಹಾಕುವುದಿಲ್ಲ, ಹಾಡುವವರು ತಲೆಯೊಳಗೆ ಬಂದು ಕೂತಂತಾಗುತ್ತದೆ.

ಟೆಸ್ಟಿನಲ್ಲಿ ಬರುತ್ತವೆ, 5.1 ಸಿನಿಮಾದಲ್ಲಿ ಬರುವುದಿಲ್ಲ. ಪ್ಲೇಯರ್ ಎರಡಕ್ಕೆ ಇಳಿಸುತ್ತಿದೆ. ವಿಎಲ್‌ಸಿಯ ಆಡಿಯೊ ಮೆನುವಿನಲ್ಲಿ ಸ್ಟೀರಿಯೊ ಮೋಡ್ ನೋಡಿ. ಫೈಲಿನಲ್ಲಿ ಎರಡು ಆಡಿಯೊ ಟ್ರ್ಯಾಕ್ ಇದ್ದು, ಸ್ಟೀರಿಯೊ ಟ್ರ್ಯಾಕ್ ಆಯ್ಕೆಯಾಗಿರುವುದೂ ಉಂಟು.

ಎಡದ್ದು ಬಲಕ್ಕೆ ಬರುತ್ತಿದೆ. ಟೇಪ್ ಅಂಟಿಸಿರಲಿಲ್ಲ, ಅಲ್ವಾ?

ಸದಾ ಗುಂಯ್ ಎನ್ನುವ ಸದ್ದು. ಕಂಪ್ಯೂಟರಿನಿಂದ ಬರುವ ಪಿನ್ನುಗಳನ್ನು ಸಬ್‌ನ ಕಡೆ ಕಿತ್ತು ನೋಡಿ. ಆಗಲೂ ಬಂದರೆ ತೊಂದರೆ ಬಾಕ್ಸಿನದು, ವಾಪಸ್ ಕೊಡಿ. ಪಿನ್ ಕಿತ್ತಾಗ ನಿಂತರೆ ಅದು ಹೆಚ್ಚಾಗಿ ಅರ್ತಿಂಗಿನ ಸುತ್ತು (ಗ್ರೌಂಡ್ ಲೂಪ್), ಅಂದರೆ ಎರಡು ಸಾಧನಗಳ ಅರ್ತ್ ಬೇರೆ ಬೇರೆ ದಾರಿಯಲ್ಲಿ ಸೇರಿ ಹುಟ್ಟುವ ಸದ್ದು. ಕಂಪ್ಯೂಟರನ್ನೂ ಸಬ್ಬನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹೋಗದಿದ್ದರೆ 3.5 ಪಿನ್ನಿನ ದಾರಿಯಲ್ಲಿ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ, ಮೂರು ಪಿನ್ನಿಗೂ ಒಂದೊಂದು ಬೇಕಾಗಬಹುದು. ಪ್ಲಗ್ಗಿನ ಅರ್ತ್ ಕಡ್ಡಿ ಮುರಿದರೆ ಸದ್ದು ನಿಲ್ಲುತ್ತದೆ ಎಂದು ಯಾರಾದರೂ ಹೇಳುತ್ತಾರೆ. ನಿಲ್ಲುವುದು ನಿಜವೇ. ಆದರೆ ಒಳಗೆ ಎಲ್ಲಾದರೂ ಕರೆಂಟ್ ಸೋರಿದ ದಿನ ಅದು ನೆಲಕ್ಕೆ ಹೋಗುವ ದಾರಿ ಇರುವುದಿಲ್ಲ, ಕ್ಯಾಬಿನೆಟ್ ಮುಟ್ಟಿದವರ ಮೈಮೂಲಕ ಹೋಗುತ್ತದೆ. ಆ ಕಡ್ಡಿ ಮಾತ್ರ ಮುರಿಯಬೇಡಿ.